ಲ್ಯಾಟಿನೋ ಅನ್ನೋದು ಜನಾಂಗವಾ? ಅಮೆರಿಕದ ಜನಗಣತಿ ಫಾರಂ ಸುತ್ತ ಎದ್ದಿರುವ ಜಗಳ

2024ರ ಮಾರ್ಚ್ 28ರಂದು ಅಮೆರಿಕದ ಕೇಂದ್ರ ಸರಕಾರ ತನ್ನ ಎಲ್ಲ ಇಲಾಖೆಗಳಿಗೆ ಒಂದು ಹೊಸ ನಿಯಮ ಕೊಟ್ಟಿತು. ಜನಾಂಗ ಕೇಳುವ ಫಾರಂಗಳಲ್ಲಿ ‘ಹಿಸ್ಪಾನಿಕ್ ಅಥವಾ ಲ್ಯಾಟಿನೋ’ (ಸ್ಪ್ಯಾನಿಶ್ ಮಾತಿನ ಲ್ಯಾಟಿನ್ ಅಮೆರಿಕ ದೇಶಗಳ ಮೂಲದವರು) ಕೂಡ ಇನ್ನು ಮುಂದೆ ಬಿಳಿಯರು, ಕಪ್ಪು ಜನ, ಏಷ್ಯನ್ನರ ಸಾಲಿನಲ್ಲೇ ಒಂದು ಆಯ್ಕೆಯಾಗಿ ಇರಬೇಕು ಎಂದಿತು. ಅದುವರೆಗೆ ಅದನ್ನು ಬೇರೆಯೇ ಪ್ರಶ್ನೆಯಾಗಿ ಕೇಳುತ್ತಿದ್ದರು. ಬದಲಾವಣೆಗೆ ಐದು ವರ್ಷ ಸಮಯ ಕೊಟ್ಟಿದ್ದರು. ಅಷ್ಟರಲ್ಲಿ ಸರಕಾರವೇ ಬದಲಾಯಿತು. 2025ರಲ್ಲಿ ಗಡುವನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ವರ್ಷದ ಕೊನೆಗೆ ಟ್ರಂಪ್ ಆಡಳಿತದ ಅಧಿಕಾರಿಯೊಬ್ಬರು ನಿಯಮವನ್ನೇ ಮರುಪರಿಶೀಲಿಸುತ್ತಿದ್ದೇವೆ ಎಂದರು. ಹಾಗಾಗಿ 2030ರ ಜನಗಣತಿಗೆ ಯಾವ ಪ್ರಶ್ನೆ ಹೋಗುತ್ತದೆ ಅನ್ನೋದೇ ಈಗ ಅನುಮಾನದಲ್ಲಿದೆ.

ದೂರದಿಂದ ಓದುವವರಿಗೆ ಇದು ಗೊಂದಲದ ಸುದ್ದಿ. ಒಂದು ಬಾಕ್ಸ್ ಫಾರಂನಲ್ಲಿ ಎಲ್ಲಿರಬೇಕು ಅನ್ನೋದಕ್ಕೆ ಇಷ್ಟು ಗಲಾಟೆ ಯಾಕೆ? ಇನ್ನೊಂದು ಕಡೆ ‘ಅಮೆರಿಕದಲ್ಲಿ ಬಿಳಿಯರ ಸಂಖ್ಯೆ ಕುಸಿಯುತ್ತಿದೆ’ ಎಂಬ ಸುದ್ದಿ ಓದುತ್ತೇವೆ. ‘ಲ್ಯಾಟಿನೋಗಳು ಟ್ರಂಪ್‌ಗೆ ಓಟು ಹಾಕಿದರು’ ಎಂದು ಓದುತ್ತೇವೆ. ‘ಲ್ಯಾಟಿನೋ ತರ ಕಾಣುವವರನ್ನು ವಲಸೆ ಪೊಲೀಸರು ತಡೆಯುತ್ತಿದ್ದಾರೆ’ ಎಂದೂ ಓದುತ್ತೇವೆ. ಮೂರೂ ಸುದ್ದಿಯಲ್ಲಿ ಬರುವ ಜನ ಒಂದೇ ಗುಂಪಿನವರು ಅಂದುಕೊಂಡರೆ ಒಂದೂ ಅರ್ಥವಾಗುವುದಿಲ್ಲ.

ಪ್ರಶ್ನೆ ಕೇಳುವ ರೀತಿ ಬದಲಾದರೆ, ಒಬ್ಬರೂ ಹೊಸದಾಗಿ ಹುಟ್ಟದೆ, ಒಬ್ಬರೂ ಗಡಿ ದಾಟದೆ, ಕೋಟಿಗಟ್ಟಲೆ ಜನರ ಜನಾಂಗ ಕಾಗದದ ಮೇಲೆ ಬದಲಾಗುತ್ತದೆ. 2020ರಲ್ಲಿ ಹಾಗೇ ಆಯಿತು. ಆ ಕಾಗದವನ್ನು ನಂಬಿಕೊಂಡು ಹಣ, ಕ್ಷೇತ್ರ, ಕಾನೂನು ಎಲ್ಲ ನಡೆಯುತ್ತದೆ. ಗಲಾಟೆಯ ಮೂಲ ಇದು.

ಒಬ್ಬ ಮನುಷ್ಯನಿಗೆ ಎರಡು ಪ್ರಶ್ನೆ

2020ರ ಫಾರಂ ಹೀಗಿತ್ತು. ಮೊದಲು, ನೀವು ಹಿಸ್ಪಾನಿಕ್, ಲ್ಯಾಟಿನೋ ಅಥವಾ ಸ್ಪ್ಯಾನಿಶ್ ಮೂಲದವರಾ ಎಂಬ ಪ್ರಶ್ನೆ. ಇಲ್ಲ ಅನ್ನಬಹುದು, ಅಥವಾ ಮೆಕ್ಸಿಕೋ, ಪೋರ್ಟೊ ರಿಕೊ, ಕ್ಯೂಬಾ, ಬೇರೆ ಎಂದು ಟಿಕ್ ಮಾಡಬಹುದು. ಅದರ ಕೆಳಗೆ ನಿಮ್ಮ ಜನಾಂಗ ಯಾವುದು ಎಂಬ ಪ್ರಶ್ನೆ. ಅಲ್ಲಿ ಬಿಳಿಯ, ಕಪ್ಪು, ಅಮೆರಿಕದ ಮೂಲನಿವಾಸಿ, ಹತ್ತಾರು ಏಷ್ಯನ್ ಮತ್ತು ಪೆಸಿಫಿಕ್ ದ್ವೀಪಗಳ ಹೆಸರು, ಕೊನೆಗೆ ‘ಬೇರೆ ಯಾವುದೋ ಜನಾಂಗ’. ಹಿಸ್ಪಾನಿಕ್ ಮೂಲಗಳು ಈ ಗಣತಿಯ ಮಟ್ಟಿಗೆ ಜನಾಂಗವಲ್ಲ ಎಂದು ಫಾರಂನಲ್ಲೇ ಸೂಚನೆ ಬರೆದಿದ್ದರು.

ಲಾಸ್ ಏಂಜಲೀಸ್‌ನಲ್ಲಿರುವ ಒಂದು ಮೆಕ್ಸಿಕನ್ ಕುಟುಂಬ ಇದನ್ನು ತುಂಬುತ್ತಿದೆ ಅಂದುಕೊಳ್ಳಿ. ಮೊದಲ ಪ್ರಶ್ನೆಗೆ ಮೆಕ್ಸಿಕನ್ ಎಂದು ಟಿಕ್ ಮಾಡಿದರು. ಎರಡನೆಯದಕ್ಕೆ? ಮೆಕ್ಸಿಕೋದ ಬಹಳ ಜನ ತಮ್ಮನ್ನು ಮೆಸ್ತಿಸೊ ಅಂದುಕೊಳ್ಳುತ್ತಾರೆ, ಅಂದರೆ ಸ್ಪೇನಿನವರು ಮತ್ತು ಅಲ್ಲಿನ ಮೂಲನಿವಾಸಿಗಳು ಬೆರೆತ ಜನ. ಆ ಬಾಕ್ಸ್ ಅಲ್ಲಿಲ್ಲ. ಬಿಳಿಯರು ಎಂದು ಟಿಕ್ ಮಾಡಿದರೆ ಬೀದಿಯಲ್ಲಿ ಯಾರೂ ಅವರನ್ನು ಹಾಗೆ ನೋಡುವುದಿಲ್ಲ. ಮೂಲನಿವಾಸಿ ಎಂದರೆ ಬುಡಕಟ್ಟಿನ ಹೆಸರು ಬರೆಯಿರಿ ಎಂದು ಕೇಳುತ್ತದೆ. ಕೊನೆಗೆ ‘ಬೇರೆ ಯಾವುದೋ ಜನಾಂಗ’ಕ್ಕೆ ಟಿಕ್ ಹಾಕಿ ಪಕ್ಕದಲ್ಲಿ ಮತ್ತೆ ‘ಮೆಕ್ಸಿಕನ್’ ಎಂದೇ ಬರೆಯುತ್ತಾರೆ.

ಹೀಗೆ ಮಾಡಿದವರು ನೂರಾರು ಸಾವಿರಾರು ಜನ ಅಲ್ಲ. 2020ರಲ್ಲಿ ಅಮೆರಿಕದ 6.21 ಕೋಟಿ ಲ್ಯಾಟಿನೋಗಳಲ್ಲಿ ಶೇ 42 ಜನ ‘ಬೇರೆ ಯಾವುದೋ ಜನಾಂಗ’ ಒಂದನ್ನೇ ಹೇಳಿಕೊಂಡವರು. ಬೇರೆ ಆಯ್ಕೆಯ ಜೊತೆಗೆ ಅದೂ ಸೇರಿದವರನ್ನು ಲೆಕ್ಕ ಹಾಕಿದರೆ ಇಡೀ ದೇಶದಲ್ಲಿ ಆ ಗುಂಪು ಸುಮಾರು 5 ಕೋಟಿ ಆಯಿತು. ಬಿಳಿಯರ ನಂತರ ದೇಶದ ಎರಡನೇ ದೊಡ್ಡ ‘ಜನಾಂಗ’ ಅದು. ಕಪ್ಪು ಜನರಿಗಿಂತಲೂ ಜಾಸ್ತಿ. ದೇಶದ ಎರಡನೇ ದೊಡ್ಡ ಗುಂಪಿಗೆ ಹೆಸರೇ ಇಲ್ಲ ಅಂದರೆ ತಪ್ಪು ಜನರದ್ದಲ್ಲ, ಪ್ರಶ್ನೆಯದ್ದು.

ಬಿಳಿಯರು ಎಲ್ಲಿ ಹೋದರು?

2021ರ ಆಗಸ್ಟ್‌ನಲ್ಲಿ ಈ ಗಣತಿಯ ವಿವರ ಹೊರಬಂದಾಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಒಂದೇ ಸುದ್ದಿ: ಅಮೆರಿಕದಲ್ಲಿ ಬಿಳಿಯರ ಸಂಖ್ಯೆ ಇಳಿದಿದೆ. ಲೆಕ್ಕ ಸುಳ್ಳಲ್ಲ. ಬಿಳಿಯ ಎಂಬ ಒಂದೇ ಉತ್ತರ ಕೊಟ್ಟವರು 2010ರಲ್ಲಿ 22.36 ಕೋಟಿ ಇದ್ದರು, 2020ರಲ್ಲಿ 20.43 ಕೋಟಿ. ಶೇ 8.6 ಇಳಿಕೆ. ಅದೇ ಹತ್ತು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗ ಹೇಳಿಕೊಂಡವರು 90 ಲಕ್ಷದಿಂದ 3.38 ಕೋಟಿಗೆ ಏರಿದರು.

ಈಗ ಸ್ವಲ್ಪ ಒಳಗೆ ಇಣುಕೋಣ. ಲ್ಯಾಟಿನೋಗಳ ಪೈಕಿ ತಾವು ಬರೀ ಬಿಳಿಯರು ಎಂದವರು 2010ರಲ್ಲಿ 2.67 ಕೋಟಿ. 2020ರಲ್ಲಿ ಅವರು 1.26 ಕೋಟಿ. ಅರ್ಧಕ್ಕಿಂತ ಕಡಿಮೆ! ಅಂದರೆ ಒಟ್ಟು 1.93 ಕೋಟಿ ಇಳಿಕೆಯಲ್ಲಿ 1.41 ಕೋಟಿ ಲ್ಯಾಟಿನೋಗಳದ್ದೇ. ಹತ್ತು ವರ್ಷದಲ್ಲಿ ಇಷ್ಟು ಜನ ಸಾಯಲಿಲ್ಲ, ದೇಶ ಬಿಟ್ಟು ಹೋಗಲೂ ಇಲ್ಲ. ಎರಡು ಅಥವಾ ಅದಕ್ಕಿಂತ ಹೆಚ್ಚು ಜನಾಂಗದ ಲ್ಯಾಟಿನೋಗಳು ಮಾತ್ರ 30 ಲಕ್ಷದಿಂದ 2.03 ಕೋಟಿಗೆ ನೆಗೆದರು. ಮನೆಯಲ್ಲಿ ಕೂತಿದ್ದ ಅದೇ ಜನ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋದರು.

ಹೇಗೆ ಹೋದರು? ಇದು ಗೊತ್ತಾಗಬೇಕಾದರೆ ಗಣತಿ ಕಚೇರಿಯ ಒಳಗಿನ ಕೆಲಸ ನೋಡಬೇಕು. 2020ರ ಫಾರಂನಲ್ಲಿ ಬಿಳಿಯ ಮತ್ತು ಕಪ್ಪು ಎಂಬ ಬಾಕ್ಸ್‌ಗಳ ಕೆಳಗೂ ಮೊದಲ ಬಾರಿಗೆ ಒಂದು ಗೆರೆ ಬಿಟ್ಟರು. ನಿಮ್ಮ ಮೂಲ ಬರೆಯಿರಿ, ಉದಾಹರಣೆಗೆ ಜರ್ಮನ್, ಐರಿಶ್, ಲೆಬನೀಸ್. ಹಾಗೆ ಬರೆದದ್ದನ್ನು ಓದುವ ಕ್ರಮವನ್ನೂ ಬದಲಿಸಿದರು. ಹಿಂದೆ ಮೊದಲ 30 ಅಕ್ಷರ ಮಾತ್ರ ತೆಗೆದುಕೊಳ್ಳುತ್ತಿದ್ದರು, ಈಗ 200. ಬರೆದ ಮೂಲಗಳನ್ನು ವರ್ಗಕ್ಕೆ ಸೇರಿಸಲು ಹಿಂದೆ ಎರಡು ಸಂಕೇತ (ಕೋಡ್) ಕೊಡುತ್ತಿದ್ದರು, ಈಗ ಆರು. ಇದರಿಂದ ಏನಾಯಿತೆಂದರೆ, ಒಬ್ಬರು ಬಿಳಿಯ ಎಂದು ಟಿಕ್ ಮಾಡಿ ಕೆಳಗಿನ ಗೆರೆಯಲ್ಲಿ ಲ್ಯಾಟಿನ್ ಅಮೆರಿಕದ ಒಂದು ದೇಶದ ಹೆಸರು ಬರೆದರೆ ಕಂಪ್ಯೂಟರ್ ಅವರನ್ನು ‘ಬಿಳಿಯ’ ಮತ್ತು ‘ಬೇರೆ ಯಾವುದೋ ಜನಾಂಗ’ ಎರಡಕ್ಕೂ ಸೇರಿಸಿತು. ಅವರು ಟಿಕ್ ಮಾಡಿದ್ದು ಒಂದೇ ಬಾಕ್ಸ್. ಪಟ್ಟಿಯಲ್ಲಿ ಬಂದದ್ದು ಮಿಶ್ರ ಜನಾಂಗ. ಈ ಏರಿಕೆಯ ದೊಡ್ಡ ಪಾಲು ಲೆಕ್ಕದ ಕ್ರಮದಿಂದಲೇ ಹುಟ್ಟಿದ್ದು ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪಾಲ್ ಸ್ಟಾರ್ ಮತ್ತು ಕ್ರಿಸ್ಟಿನಾ ಪಾವ್ 2024ರಲ್ಲಿ ವಿವರವಾಗಿ ತೋರಿಸಿದರು.

ಬಿಳಿಯ ಎಂದು ಹೇಳಿಕೊಂಡವರನ್ನು, ಜೊತೆಗೆ ಬೇರೆ ಏನಿದ್ದರೂ ಸರಿ ಎಂದು ಎಣಿಸಿದರೆ, ಆ ಸಂಖ್ಯೆ 2020ರಲ್ಲಿ ಏರಿದೆ, 23.54 ಕೋಟಿಗೆ. ಲ್ಯಾಟಿನೋ ಅಲ್ಲದ ಬಿಳಿಯರು ಸುಮಾರು 51 ಲಕ್ಷ ಕಡಿಮೆಯಾದದ್ದು ನಿಜ. ಅದಕ್ಕೆ ವಯಸ್ಸಾಗುತ್ತಿರುವ ಜನಸಂಖ್ಯೆ, ಕಡಿಮೆ ಮಕ್ಕಳು ಕಾರಣ, ಒಂದಷ್ಟು ಪಾಲು ಇದೇ ಲೆಕ್ಕದ ಬದಲಾವಣೆ. ಆದರೆ ಪತ್ರಿಕೆಯ ತಲೆಬರಹ ಓದಿದವರಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ಒಂದು ಕಡೆಯವರು ‘ನಮ್ಮ ದೇಶ ಕೈತಪ್ಪುತ್ತಿದೆ’ ಎಂದು ಹೆದರಿದರು, ಇನ್ನೊಂದು ಕಡೆಯವರು ‘ಇನ್ನು ಚುನಾವಣೆ ನಮ್ಮದೇ’ ಎಂದು ಖುಷಿಪಟ್ಟರು. ಹೆದರಿಕೆಗೂ ಖುಷಿಗೂ ಕಾರಣವಾದ ಅಂಕಿಯ ಮುಕ್ಕಾಲು ಭಾಗ ಇದ್ದ ಜನರ ಪಟ್ಟಿ ಬದಲಾದದ್ದಷ್ಟೇ. ಇಂಥ ತಪ್ಪು ತಿಳಿವಳಿಕೆಯ ಮೇಲೆ ಒಂದು ದೇಶದ ರಾಜಕೀಯ ನಡೆಯುವುದು ನಿಜಕ್ಕೂ ಅಪಾಯ.

ಹಿಂದೆ ಬಿಳಿಯರಾಗಲು ಹೋರಾಡಿದರು, ಯಾಕೆ?

1848ರಲ್ಲಿ ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಯುದ್ಧ ಮುಗಿದು ಗ್ವಾದಲೂಪೆ ಹಿದಾಲ್ಗೊ ಒಪ್ಪಂದವಾದಾಗ ಮೆಕ್ಸಿಕೋದ ಸುಮಾರು ಅರ್ಧ ಭೂಮಿ ಅಮೆರಿಕಕ್ಕೆ ಹೋಯಿತು. ಅಲ್ಲಿದ್ದ ಜನ ಎಲ್ಲಿಗೂ ವಲಸೆ ಹೋದವರಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು. ಒಪ್ಪಂದದ ಪ್ರಕಾರ ಅವರಿಗೆ ಪೌರತ್ವ ಸಿಕ್ಕಿತು. ಆದರೆ 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದು ಪೌರರಾಗಲು ‘ಸ್ವತಂತ್ರ ಬಿಳಿಯ ವ್ಯಕ್ತಿ’ ಆಗಿರಬೇಕಿತ್ತು. ಎರಡನ್ನೂ ಸೇರಿಸಿ ನೋಡಿದರೆ ಮೆಕ್ಸಿಕನ್ನರು ಕಾನೂನಿನ ಕಣ್ಣಿಗೆ ಬಿಳಿಯರೇ ಆಗಬೇಕಾಯಿತು. ಶಾಲೆ, ಹೋಟೆಲ್, ಸ್ಮಶಾನದಲ್ಲಿ ಮಾತ್ರ ಅವರನ್ನು ಬೇರೆಯಾಗಿಯೇ ಇಟ್ಟರು.

1930ರ ಗಣತಿಯಲ್ಲಿ ಮೊದಲ ಬಾರಿಗೆ ‘ಮೆಕ್ಸಿಕನ್’ ಎಂಬ ಜನಾಂಗ ಕಾಣಿಸಿಕೊಂಡಿತು. ಗಣತಿದಾರರು 14 ಲಕ್ಷ ಜನರನ್ನು ಅದಕ್ಕೆ ಸೇರಿಸಿದರು. ಅದೇ ಸಮಯಕ್ಕೆ ಆರ್ಥಿಕ ಕುಸಿತ ಬಂತು. ಕೆಲಸ ಇಲ್ಲ ಎಂದು ಮೆಕ್ಸಿಕನ್ ಮೂಲದವರನ್ನು ಲಕ್ಷಗಟ್ಟಲೆ ಗಡಿಯಾಚೆ ಕಳಿಸಿದರು, ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಪೌರರು ಬಹಳ ಇದ್ದರು. ಬಿಳಿಯರ ಪಟ್ಟಿಯಿಂದ ಹೊರಗೆ ಬಿದ್ದರೆ ಪೌರತ್ವಕ್ಕೇ ಕುತ್ತು ಬರಬಹುದು ಎಂಬ ಭಯ ಸಹಜವಾಗಿತ್ತು. ಮೆಕ್ಸಿಕೋ ಸರಕಾರ ಮತ್ತು ಟೆಕ್ಸಸ್‌ನಲ್ಲಿ ಹುಟ್ಟಿದ, ಮೆಕ್ಸಿಕನ್ ಮೂಲದವರ ಲುಲಾಕ್ ಸಂಘಟನೆ ಜೋರಾಗಿ ಪ್ರತಿಭಟಿಸಿದವು. 1940ರಲ್ಲಿ ಅವರು ಮತ್ತೆ ಬಿಳಿಯರಾದರು.

1960ರ ದಶಕದಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂದ ಮೇಲೆ ಲೆಕ್ಕಾಚಾರ ತಿರುಗಿತು. ಕೆಲಸದಲ್ಲಿ, ಮತಗಟ್ಟೆಯಲ್ಲಿ ತಾರತಮ್ಯ ಆಗಿದೆ ಎಂದು ಸಾಬೀತು ಮಾಡಲು ಈಗ ಅಂಕಿ ಬೇಕು. ಬಿಳಿಯರ ಜೊತೆ ಕಲಸಿಬಿಟ್ಟರೆ ಅಂಕಿ ಎಲ್ಲಿಂದ ಬರುತ್ತದೆ? ಕ್ಯಾಲಿಫೋರ್ನಿಯಾ, ಟೆಕ್ಸಸ್‌ನ ಮೆಕ್ಸಿಕನ್ನರು, ನ್ಯೂಯಾರ್ಕಿನ ಪೋರ್ಟೊ ರಿಕನ್ನರು, ಮಯಾಮಿಯ ಕ್ಯೂಬನ್ನರು ಒಬ್ಬರಿಗೊಬ್ಬರು ಅಷ್ಟಾಗಿ ಪರಿಚಯ ಇಲ್ಲದವರು, ರಾಜಕೀಯವೂ ಬೇರೆ ಬೇರೆ. ಆದರೂ ಒಟ್ಟಿಗೆ ಎಣಿಸಿದರೆ ಮಾತ್ರ ವಾಷಿಂಗ್ಟನ್‌ನಲ್ಲಿ ದನಿ ಇರುತ್ತದೆ ಎಂಬುದು ಅವರ ನಾಯಕರಿಗೆ ಗೊತ್ತಾಯಿತು. 1970ರಲ್ಲಿ ಕೆಲವು ಮನೆಗಳಿಗೆ ಮಾತ್ರ ಒಂದು ಪ್ರಶ್ನೆ ಹೋಯಿತು. ಅದರಲ್ಲಿ ‘ಮಧ್ಯ ಅಥವಾ ದಕ್ಷಿಣ ಅಮೆರಿಕದವರು’ ಎಂಬ ಆಯ್ಕೆ ಇತ್ತು. ಅಮೆರಿಕ ದೇಶದ ಮಧ್ಯದ ಮತ್ತು ದಕ್ಷಿಣದ ರಾಜ್ಯಗಳಲ್ಲಿದ್ದ ಎಷ್ಟೋ ಜನ ಅದು ತಮ್ಮ ಬಗ್ಗೆಯೇ ಅಂದುಕೊಂಡು ಟಿಕ್ ಮಾಡಿಬಿಟ್ಟರು! 1976ರಲ್ಲಿ ಸಂಸತ್ತು ಈ ಜನರ ಅಂಕಿ ಸಂಗ್ರಹಿಸಬೇಕೆಂದು ಕಾನೂನು ಮಾಡಿತು. 1977ರಲ್ಲಿ ಸರಕಾರ ಹಿಸ್ಪಾನಿಕ್ ಎಂಬ ವರ್ಗವನ್ನು ನಿಗದಿ ಮಾಡಿತು. 1980ರಿಂದ ಎಲ್ಲ ಮನೆಗೂ ಆ ಪ್ರಶ್ನೆ ಹೋಯಿತು. ಹಾಗಾಗಿ ಎರಡು ಪ್ರಶ್ನೆಯ ಪದ್ಧತಿ ಒಂದು ರಾಜಿ. ಬಿಳಿಯರು ಅನ್ನಿಸಿಕೊಳ್ಳುವ ಅವಕಾಶವೂ ಇರಲಿ, ಬೇರೆ ಲೆಕ್ಕವೂ ಇರಲಿ.

ಇದು ಅವರದ್ದೊಂದೇ ಕತೆ ಅಲ್ಲ. 1920ರಿಂದ 1940ರವರೆಗೆ ಅಮೆರಿಕದ ಗಣತಿಯಲ್ಲಿ ‘ಹಿಂದೂ’ ಎಂಬುದು ಒಂದು ಜನಾಂಗವಾಗಿತ್ತು, ಪಂಜಾಬಿನ ಸಿಖ್ ರೈತರನ್ನೂ ಅದರಲ್ಲೇ ಬರೆಯುತ್ತಿದ್ದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಎಂದಿತು. 1970ರ ಗಣತಿಯಲ್ಲಿ ಅದೇ ಭಾರತೀಯರನ್ನು ಬಿಳಿಯರಿಗೆ ಸೇರಿಸಿದರು. 1965ರ ವಲಸೆ ಕಾನೂನಿನ ನಂತರ ಬೆಂಗಳೂರು, ಮೈಸೂರಿನಿಂದ ಹೋಗಿದ್ದ ಡಾಕ್ಟರು, ಎಂಜಿನಿಯರುಗಳೂ ಆ ಲೆಕ್ಕದಲ್ಲಿ ಬಿಳಿಯರೇ. ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕ ಎಂಬ ಸಂಘ ಬೇರೆ ಲೆಕ್ಕ ಬೇಕೆಂದು ಒತ್ತಾಯಿಸಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಬಾಕ್ಸ್ ಬಂತು. ಇವತ್ತು ಅಲ್ಲಿರುವ ಕನ್ನಡಿಗರು ಯೋಚಿಸದೆ ಟಿಕ್ ಮಾಡುವ ಆ ಬಾಕ್ಸ್ ಕೂಡ ಯಾರೋ ಕೇಳಿ ಪಡೆದದ್ದು. 2025ರಲ್ಲಿ ನಮ್ಮ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಎಂದು ಲಿಂಗಾಯತರೊಳಗೇ ನಡೆದ ವಾದ ನೋಡಿದವರಿಗೆ ಇದರ ಬಿಸಿ ಬೇರೆ ಹೇಳಬೇಕಿಲ್ಲ, ಅಲ್ವಾ?

ಒಂದೇ ಪ್ರಶ್ನೆ ಸಾಕು ಅನ್ನುವವರು

ಜನಗಣತಿ ಕಚೇರಿ 2015ರಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿ ನೋಡಿತು. ಎರಡು ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿ, ಲ್ಯಾಟಿನೋ ಎಂಬುದನ್ನೂ ಬೇರೆಯವುಗಳ ಜೊತೆ ಇಟ್ಟು, ಎಷ್ಟು ಬೇಕಾದರೂ ಟಿಕ್ ಮಾಡಿ ಎಂದಿತು. ‘ಬೇರೆ ಯಾವುದೋ ಜನಾಂಗ’ ಎಂಬ ಉತ್ತರ ಒಟ್ಟು ಜನರಲ್ಲಿ ಶೇ 1ರ ಆಸುಪಾಸಿಗೆ ಇಳಿಯಿತು. ಬಹುಪಾಲು ಲ್ಯಾಟಿನೋಗಳು ಲ್ಯಾಟಿನೋ ಎಂಬ ಒಂದನ್ನೇ ಟಿಕ್ ಮಾಡಿ ಸುಮ್ಮನಾದರು. ಅವರಿಗೆ ತಮ್ಮ ಉತ್ತರ ಸಿಕ್ಕಿತ್ತು.

ಯುನಿಡೋಸ್‌ಯುಎಸ್, ನಲೇಯೊದಂಥ ಲ್ಯಾಟಿನೋಗಳ ದೊಡ್ಡ ಸಂಘಟನೆಗಳು ಇದಕ್ಕೆ ಬೆಂಬಲ ಕೊಟ್ಟವು. ಕಾರಣ ಸ್ಪಷ್ಟ. ಗಣತಿಯ ಅಂಕಿ ನೋಡಿ ಅಮೆರಿಕದ ಸರಕಾರ 2021ರ ಹಣಕಾಸು ವರ್ಷ ಒಂದರಲ್ಲೇ 2.8 ಲಕ್ಷ ಕೋಟಿ ಡಾಲರಿಗೂ ಜಾಸ್ತಿ ಹಣ ಹಂಚಿದೆ. ಸಂಸತ್ತಿನ ಸೀಟು, ಕ್ಷೇತ್ರದ ಗಡಿ ಎಲ್ಲಕ್ಕೂ ಇದೇ ಅಂಕಿ. ಟೆಕ್ಸಸ್ ಹತ್ತು ವರ್ಷದಲ್ಲಿ ಸುಮಾರು 40 ಲಕ್ಷ ಬೆಳೆದು ಎರಡು ಸೀಟು ಹೆಚ್ಚು ಪಡೆಯಿತು, ಆ ಬೆಳವಣಿಗೆಯ ಅರ್ಧ ಲ್ಯಾಟಿನೋಗಳದ್ದು. ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಇಂಗ್ಲಿಷ್ ಸರಿಯಾಗಿ ಬಾರದ ಸ್ಪ್ಯಾನಿಶ್ ಮಾತಿನ ಮತದಾರರು 10,000 ದಾಟಿದರೆ ಅಥವಾ ಮತದಾರರ ಶೇ 5ಕ್ಕಿಂತ ಜಾಸ್ತಿ ಇದ್ದರೆ ಮತಪತ್ರ ಸ್ಪ್ಯಾನಿಶ್‌ನಲ್ಲೂ ಇರಬೇಕು ಎಂಬ ಕಾನೂನಿದೆ. ಪ್ರಶ್ನೆ ಅರ್ಥವಾಗದೆ ಬಿಟ್ಟುಬಿಟ್ಟರೆ ಇದೆಲ್ಲದಕ್ಕೂ ಪೆಟ್ಟು.

ಒಬಾಮಾ ಕಾಲದಲ್ಲೇ ಈ ಬದಲಾವಣೆಯ ಪ್ರಸ್ತಾವ ಬಂದಿತ್ತು. ಟ್ರಂಪ್ ಅವರ ಮೊದಲ ಸರಕಾರ ಸಮಯಕ್ಕೆ ಒಪ್ಪಿಗೆ ಕೊಡಲಿಲ್ಲ. 2018ರ ಜನವರಿಯಲ್ಲಿ ಹಳೇ ಪದ್ಧತಿಯೇ ಎಂದು ತೀರ್ಮಾನವಾಯಿತು. 2020ರ ಆ 5 ಕೋಟಿ ಬಂದದ್ದು ಹಾಗೆ. ಈಗಿನ ಮರುಪರಿಶೀಲನೆ ಅದೇ ಘಟನೆಯ ಎರಡನೇ ಸುತ್ತು ಆಗಬಹುದು ಎಂಬುದೇ ಆತಂಕ.

ಬೇಡ ಅನ್ನುವವರು, ಮತ್ತು ಅವರ ಮಾತಿನಲ್ಲಿರುವ ನಿಜ

ವಿರೋಧ ಬರೀ ಬಲಪಂಥದಿಂದ ಬಂದಿಲ್ಲ. ಅತಿ ಗಟ್ಟಿ ವಿರೋಧ ಬಂದದ್ದು ಲ್ಯಾಟಿನೋಗಳ ಒಳಗಿನಿಂದಲೇ, ಅದರಲ್ಲೂ ಕಪ್ಪು ಲ್ಯಾಟಿನೋಗಳಿಂದ. ಡೊಮಿನಿಕನ್ ರಿಪಬ್ಲಿಕ್, ಕ್ಯೂಬಾ, ಪೋರ್ಟೊ ರಿಕೊ, ಕೊಲಂಬಿಯಾದ ಕರಾವಳಿ, ಪನಾಮಾ, ಇಲ್ಲೆಲ್ಲ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶಸ್ಥರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಮೆರಿಕದಲ್ಲಿ ಹೀಗೆ ಆಫ್ರೋ-ಲ್ಯಾಟಿನೋ ಎಂದು ಹೇಳಿಕೊಳ್ಳುವ ವಯಸ್ಕರು 60 ಲಕ್ಷದಷ್ಟಿದ್ದಾರೆ ಎಂದು ಪ್ಯೂ ಸಂಶೋಧನಾ ಕೇಂದ್ರದ 2020ರ ಅಂದಾಜು. ಅವರ ಪರವಾಗಿ ಕೆಲಸ ಮಾಡುವ ಆಫ್ರೋಲ್ಯಾಟಿನ್@ ಫೋರಂ ‘ಲ್ಯಾಟಿನೋ ಜನಾಂಗವಲ್ಲ’ ಎಂಬ ಆಂದೋಲನವನ್ನೇ ನಡೆಸಿತು.

ಅವರ ವಾದ ಹೀಗೆ. ಲ್ಯಾಟಿನ್ ಅಮೆರಿಕದಲ್ಲೂ ಬಣ್ಣದ ತಾರತಮ್ಯ ಇದೆ. ‘ನಾವೆಲ್ಲ ಬೆರೆತ ಜನ, ನಮ್ಮಲ್ಲಿ ಜನಾಂಗ ಭೇದ ಇಲ್ಲ’ ಎಂಬ ಮಾತಿನ ಹಿಂದೆ ಕಪ್ಪು ಜನರನ್ನೂ ಮೂಲನಿವಾಸಿಗಳನ್ನೂ ಮರೆಮಾಡುತ್ತಾ ಬಂದಿದ್ದಾರೆ. ಈಗ ಅಮೆರಿಕದ ಫಾರಂ ಕೂಡ ಲ್ಯಾಟಿನೋ ಎಂಬುದನ್ನು ಕಪ್ಪು, ಬಿಳಿಯ ಎಂಬವುಗಳ ಪಕ್ಕದಲ್ಲಿ ಇಟ್ಟರೆ ಕಪ್ಪು ಡೊಮಿನಿಕನ್ ಮಹಿಳೆ ಒಂದನ್ನೇ ಟಿಕ್ ಮಾಡಿ ಮುಂದೆ ಹೋಗುವ ಸಾಧ್ಯತೆ ಜಾಸ್ತಿ. ಬಾಡಿಗೆ ಮನೆ ಕೇಳಲು ಹೋದಾಗ ಅವಳಿಗೆ ಆಗುವ ಅನುಭವ ಬಿಳಿ ಚರ್ಮದ ಕ್ಯೂಬನ್ ಮಹಿಳೆಯ ಅನುಭವದಂತೆ ಇರುವುದಿಲ್ಲ. ಇಬ್ಬರೂ ಒಂದೇ ಅಂಕಿಯಾದರೆ ಆ ವ್ಯತ್ಯಾಸ ಅಳೆಯುವುದು ಹೇಗೆ? ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಲೋಪೆಸ್ ಇನ್ನೂ ಮುಂದೆ ಹೋಗುತ್ತಾರೆ. ಬೀದಿಯಲ್ಲಿ ನಿಮ್ಮನ್ನು ಗುರುತಿಲ್ಲದವರು ನೋಡಿದರೆ ಯಾವ ಜನಾಂಗ ಅಂದುಕೊಳ್ಳುತ್ತಾರೆ ಎಂದೂ ಕೇಳಬೇಕು ಎನ್ನುತ್ತಾರೆ ಅವರು.

ಗಣತಿ ಕಚೇರಿಯ ಉತ್ತರ, ಎರಡೂ ಬಾಕ್ಸ್ ಟಿಕ್ ಮಾಡಲು ಅವಕಾಶ ಇದೆ, 2015ರ ಪರೀಕ್ಷೆಯಲ್ಲಿ ಆಫ್ರೋ-ಲ್ಯಾಟಿನೋಗಳ ಪ್ರಮಾಣ ಇಳಿದದ್ದು ಕಂಡಿಲ್ಲ ಎಂಬುದು. ಆ ಒಂದು ಪರೀಕ್ಷೆ ಸಾಲದು ಎಂಬುದು ವಿರೋಧಿಗಳ ಮಾತು. ಗ್ವಾಟೆಮಾಲಾದ ಮಾಯಾ ಜನ, ಮೆಕ್ಸಿಕೋದ ಓಹಾಕಾದಿಂದ ಬಂದ ಮಿಸ್ತೆಕ್ ಕೃಷಿ ಕಾರ್ಮಿಕರ ಸಮಸ್ಯೆಯೂ ಇದೇ. ಸ್ಪ್ಯಾನಿಶ್ ಅವರಿಗೆ ಎರಡನೇ ಭಾಷೆ, ಕೆಲವರಿಗೆ ಬರುವುದೇ ಇಲ್ಲ. ಅವರನ್ನು ಬರೀ ಲ್ಯಾಟಿನೋ ಎಂದು ಬರೆದುಕೊಂಡು ಆಸ್ಪತ್ರೆಯಲ್ಲಿ ಸ್ಪ್ಯಾನಿಶ್ ದುಭಾಷಿ ಕೊಟ್ಟರೆ ಏನು ಪ್ರಯೋಜನ?

ಇಷ್ಟನ್ನೂ ತೂಗಿ ನೋಡಿದರೆ ಒಂದೇ ಪ್ರಶ್ನೆಯೇ ಸರಿ ಎಂದು ಕಾಣುತ್ತದೆ, ಯಾಕೆಂದರೆ 5 ಕೋಟಿ ಜನ ಉತ್ತರಿಸಲಾಗದ ಪ್ರಶ್ನೆಯನ್ನು ಇಟ್ಟುಕೊಂಡು ಕಪ್ಪು ಲ್ಯಾಟಿನೋಗಳ ಲೆಕ್ಕವೂ ಸರಿಯಾಗಿ ಸಿಗುವುದಿಲ್ಲ. ಆದರೆ ಒಂದು ಷರತ್ತು ಬೇಕೇ ಬೇಕು. ಎರಡೆರಡು ಟಿಕ್ ಮಾಡಿದವರ ಅಂಕಿಯನ್ನು ‘ಕಪ್ಪು ಮತ್ತು ಲ್ಯಾಟಿನೋ’, ‘ಮೂಲನಿವಾಸಿ ಮತ್ತು ಲ್ಯಾಟಿನೋ’ ಎಂದು ಬೇರೆ ಬೇರೆಯಾಗಿ ಪ್ರಕಟಿಸಬೇಕು, ಎಲ್ಲರನ್ನೂ ‘ಮಿಶ್ರ’ ಎಂಬ ಒಂದೇ ರಾಶಿಗೆ ತಳ್ಳಬಾರದು. ಪ್ರಶ್ನೆಯ ರೂಪಕ್ಕಿಂತ ಈ ಪ್ರಕಟಣೆಯ ಕ್ರಮವೇ ಕಪ್ಪು ಲ್ಯಾಟಿನೋಗಳಿಗೆ ಹೆಚ್ಚು ಮುಖ್ಯ.

ಜನಾಂಗವನ್ನು ಸರಕಾರ ಕೇಳಲೇಬಾರದು ಎಂಬ ಮೂರನೇ ವಾದವೂ ಇದೆ. ಕೇಳದಿದ್ದರೆ ತಾರತಮ್ಯ ನಿಲ್ಲುವುದಿಲ್ಲ, ಅದು ಕಾಣುವುದು ಮಾತ್ರ ನಿಲ್ಲುತ್ತದೆ.

ಬ್ರೆಜಿಲಿನವರ ತಪ್ಪು ಲೆಕ್ಕ

ಅಮೆರಿಕದ ಸರಕಾರಿ ಅರ್ಥದಲ್ಲಿ ಈ ವರ್ಗ ಸ್ಪ್ಯಾನಿಶ್ ಸಂಸ್ಕೃತಿಗೆ ಸೇರಿದ್ದು. ಬ್ರೆಜಿಲಿನವರು ಪೋರ್ಚುಗೀಸ್ ಮಾತಾಡುವವರು, ಹಾಗಾಗಿ ಅವರು ಲ್ಯಾಟಿನೋ ಎಂದು ಟಿಕ್ ಮಾಡಿದರೂ ಕಚೇರಿ ಹಿಂದಿನಿಂದ ಅದನ್ನು ತೆಗೆದುಹಾಕುತ್ತದೆ. 2020ರ ವಾರ್ಷಿಕ ಸಮೀಕ್ಷೆಯಲ್ಲಿ ಒಂದು ತಾಂತ್ರಿಕ ತಪ್ಪಿನಿಂದ ಹಾಗೆ ತೆಗೆಯುವುದು ಬಿಟ್ಟುಹೋಯಿತು. ಪ್ಯೂ ಕೇಂದ್ರ ಆ ಅಂಕಿ ಹಿಡಿದು ನೋಡಿದರೆ, ಕನಿಷ್ಠ 4.16 ಲಕ್ಷ ಬ್ರೆಜಿಲಿನವರು, ಅಲ್ಲಿರುವ ಬ್ರೆಜಿಲಿನವರಲ್ಲಿ ಮೂರನೇ ಎರಡು ಪಾಲು, ತಮ್ಮನ್ನು ಲ್ಯಾಟಿನೋ ಎಂದೇ ಹೇಳಿಕೊಂಡಿದ್ದರು. ಹಿಂದಿನ ವರ್ಷದ ಅಂಕಿ 14,000 ಮಾತ್ರ. ನೀವು ಏನು ಅಂದುಕೊಂಡಿದ್ದೀರಿ ಎಂದು ಕೇಳುವ ಪ್ರಶ್ನೆಗೆ ಜನ ಕೊಟ್ಟ ಉತ್ತರವನ್ನು ಸರಕಾರ ಪ್ರತಿ ವರ್ಷ ಅಳಿಸುತ್ತಿತ್ತು ಎಂಬುದು ಒಂದು ತಪ್ಪಿನಿಂದ ಹೊರಬಂತು.

ಬೀದಿಯಲ್ಲಿ ಫಾರಂ ಇಲ್ಲ

ಕಾಗದದ ಮೇಲೆ ಲ್ಯಾಟಿನೋ ಯಾರು ಅನ್ನೋದನ್ನು ಬಹುಮಟ್ಟಿಗೆ ಆ ವ್ಯಕ್ತಿಯೇ ಹೇಳುತ್ತಾನೆ. ಪೊಲೀಸರ ಎದುರು ಹಾಗಲ್ಲ. 1975ರಲ್ಲೇ ಸುಪ್ರೀಂ ಕೋರ್ಟ್ ಬ್ರಿನ್ಯೋನಿ-ಪೊನ್ಸೆ ಮೊಕದ್ದಮೆಯಲ್ಲಿ ‘ಮೆಕ್ಸಿಕನ್ ತರ ಕಾಣುವುದು’ ಒಂದನ್ನೇ ನೋಡಿ ವಾಹನ ತಡೆಯುವಂತಿಲ್ಲ, ಆದರೆ ಬೇರೆ ಕಾರಣಗಳ ಜೊತೆ ಅದನ್ನೂ ಪರಿಗಣಿಸಬಹುದು ಎಂದಿತ್ತು. 2025ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಲಸೆ ಅಧಿಕಾರಿಗಳ ದಾಳಿ ಶುರುವಾದಾಗ ಕೆಳ ಕೋರ್ಟ್ ಒಂದು ತಡೆ ಹಾಕಿತು. ಮುಖಚಹರೆ, ಸ್ಪ್ಯಾನಿಶ್ ಮಾತು ಅಥವಾ ಇಂಗ್ಲಿಷ್ ಉಚ್ಚಾರ, ಬಸ್ ಸ್ಟಾಪ್ ಅಥವಾ ಕಾರ್ ತೊಳೆಯುವ ಕಡೆ ನಿಂತಿರುವುದು, ಮಾಡುವ ಕೆಲಸ, ಈ ನಾಲ್ಕನ್ನು ಮಾತ್ರ ನೋಡಿ ಜನರನ್ನು ತಡೆಯಬೇಡಿ ಎಂದಿತು. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಪೋರ್ಟೊ ರಿಕನ್ ಮೂಲದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಆ ಮೂವರ ಪರವಾಗಿ ಕಟುವಾದ ಭಿನ್ನ ತೀರ್ಪು ಬರೆದರು.

ಇದರ ಪರಿಣಾಮ ಯಾರ ಮೇಲೆ? ಅಮೆರಿಕದ ಲ್ಯಾಟಿನೋಗಳಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದವರು. ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪದವರು 1917ರಿಂದಲೂ ಪೌರರು. ಆದರೆ ದೂರದಿಂದ ನೋಡುವ ಅಧಿಕಾರಿಗೆ ಪಾಸ್‌ಪೋರ್ಟ್ ಕಾಣುವುದಿಲ್ಲ, ಮುಖ ಕಾಣುತ್ತದೆ. ಲ್ಯಾಟಿನೋ ಜನಾಂಗವಾ ಅಲ್ಲವಾ ಎಂದು ವಿದ್ವಾಂಸರು ವಾದಿಸುತ್ತಿರುವಾಗ ಬೀದಿಯಲ್ಲಿ ಅದು ಆಗಲೇ ಜನಾಂಗವಾಗಿದೆ.

ಈ ಭಯ ಗಣತಿಗೂ ತಟ್ಟುತ್ತದೆ. 2010ರಲ್ಲಿ ಲ್ಯಾಟಿನೋಗಳ ಲೆಕ್ಕ ಶೇ 1.54ರಷ್ಟು ಕಡಿಮೆ ಬಂದಿತ್ತು. 2020ರಲ್ಲಿ ಅದು ಶೇ 4.99. ಪೌರತ್ವ ಕೇಳುವ ಪ್ರಶ್ನೆ ಸೇರಿಸುತ್ತೇವೆ ಎಂದು ಸರಕಾರ ಹೊರಟಿದ್ದ ವರ್ಷಗಳವು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದರೂ ಮನೆಮನೆಗೆ ಹಬ್ಬಿದ್ದ ಹೆದರಿಕೆ ಹೋಗಲಿಲ್ಲ, ಮೇಲಿಂದ ಕೋವಿಡ್ ಬೇರೆ. 2025ರ ಆಗಸ್ಟ್‌ನಲ್ಲಿ ಟ್ರಂಪ್ ದಾಖಲೆ ಇಲ್ಲದವರನ್ನು ಬಿಟ್ಟು ಹೊಸ ಗಣತಿ ಮಾಡಿಸುತ್ತೇನೆ ಎಂದರು. ಗಣತಿಯ ಉತ್ತರ 72 ವರ್ಷ ಗುಟ್ಟಾಗಿರುತ್ತದೆ, ಬೇರೆ ಇಲಾಖೆಗೆ ಕೊಡುವಂತಿಲ್ಲ ಎಂದು ಕಾನೂನಿದೆ, ನಿಜ. ಆದರೆ ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಿಗೆ ಹಾಕುವಾಗ ಅವರು ಎಲ್ಲಿದ್ದಾರೆ ಎಂಬ ಅಂಕಿ ಕೊಟ್ಟದ್ದು ಇದೇ ಗಣತಿ ಕಚೇರಿ. ಅದನ್ನು ಜನ ಮರೆತಿಲ್ಲ. ಎಷ್ಟೇ ಚೆನ್ನಾಗಿ ಪ್ರಶ್ನೆ ಬರೆದರೂ ಬಾಗಿಲು ತೆರೆಯದವರ ಲೆಕ್ಕ ಸಿಗುವುದಿಲ್ಲ.

ಹಾಗಾದರೆ ಟ್ರಂಪ್‌ಗೆ ಓಟು ಹಾಕಿದ್ದು ಯಾರು?

ಟೆಕ್ಸಸ್ ಗಡಿಯ ಸ್ಟಾರ್ ಕೌಂಟಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೆಕ್ಸಿಕನ್ ಮೂಲದವರು. 1892ರಿಂದ ಅಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಗೆದ್ದಿರಲಿಲ್ಲ. 2024ರಲ್ಲಿ ಟ್ರಂಪ್ ಗೆದ್ದರು. ದೇಶದ ಮಟ್ಟದಲ್ಲಿ ಪ್ಯೂ ಲೆಕ್ಕದ ಪ್ರಕಾರ ಲ್ಯಾಟಿನೋ ಮತದಾರರಲ್ಲಿ ಶೇ 48 ಜನ ಅವರಿಗೆ ಮತ ಕೊಟ್ಟರು, 2020ರಲ್ಲಿ ಅದು ಶೇ 36 ಇತ್ತು.

ತಮ್ಮ ಜನರನ್ನೇ ಗಡಿಪಾರು ಮಾಡುವವರಿಗೆ ಓಟಾ ಎಂದು ಆಶ್ಚರ್ಯಪಡುವವರು ‘ತಮ್ಮ ಜನ’ ಯಾರು ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ನಿಮ್ಮನ್ನು ಏನೆಂದು ಕರೆದುಕೊಳ್ಳುತ್ತೀರಿ ಎಂದು ಪ್ಯೂ 2023ರಲ್ಲಿ ಕೇಳಿದಾಗ ಶೇ 52 ಜನ ಹೇಳಿದ್ದು ಪೂರ್ವಿಕರ ದೇಶದ ಹೆಸರು, ಮೆಕ್ಸಿಕನ್, ಕ್ಯೂಬನ್, ಸಾಲ್ವಡೋರನ್ ಅಂತ. ಹಿಸ್ಪಾನಿಕ್, ಲ್ಯಾಟಿನೋ ಅಂದವರು ಶೇ 30. ತಲೆಮಾರು ಕಳೆದಂತೆ ಅದೂ ಸಡಿಲವಾಗುತ್ತದೆ. ಪೂರ್ವಿಕರು ಆ ದೇಶಗಳಿಂದ ಬಂದಿದ್ದರೂ, ನಾಲ್ಕನೇ ತಲೆಮಾರಿನ ಹೊತ್ತಿಗೆ ಅರ್ಧದಷ್ಟು ಜನ ಮಾತ್ರ ತಮ್ಮನ್ನು ಲ್ಯಾಟಿನೋ ಎನ್ನುತ್ತಾರೆ. ಸ್ಟಾರ್ ಕೌಂಟಿಯ ಹಲವು ಕುಟುಂಬಗಳು ಅಲ್ಲಿರುವುದು 1848ಕ್ಕೂ ಮೊದಲಿನಿಂದ. ವೆನೆಜುವೆಲಾದಿಂದ ಇತ್ತೀಚೆಗೆ ಬಂದವರ ಕಷ್ಟ ಅವರಿಗೆ ತಮ್ಮ ಕಷ್ಟ ಎಂದು ಅನ್ನಿಸಲೇಬೇಕು ಎಂಬ ನಿಯಮ ಇಲ್ಲ. ದಿನಸಿ ಬೆಲೆ, ತೈಲದ ಕೆಲಸ, ಗಡಿ ಪೊಲೀಸ್ ಇಲಾಖೆಯ ನೌಕರಿ, ಇವೇ ಅವರ ಬದುಕಿನ ಹತ್ತಿರದ ವಿಷಯಗಳು.

ಹಾಗೆಂದು ಆ ಶೇ 48 ಶಾಶ್ವತ ಅಂದುಕೊಳ್ಳುವುದೂ ತಪ್ಪು. ಪೌರರಾಗಿದ್ದೂ ಬಸ್ ಸ್ಟಾಪಿನಲ್ಲಿ ಸಿಕ್ಕಿಬಿದ್ದವರ ಮನೆಯಲ್ಲಿ ಮುಂದಿನ ಬಾರಿ ಬೇರೆ ಲೆಕ್ಕ ನಡೆಯಬಹುದು. ಹೊರಗಿನವರು ಒಂದೇ ರೀತಿ ನಡೆಸಿಕೊಂಡಾಗಲೇ ಬೇರೆ ಬೇರೆ ಜನ ಒಂದಾಗುವುದು, 1970ರ ದಶಕದಲ್ಲೂ ಆದದ್ದು ಇದೇ.

ಮುಂದೆ ಏನು ನೋಡಬೇಕು

ಅಮೆರಿಕದ ಕಾನೂನಿನ ಪ್ರಕಾರ 2030ರ ಗಣತಿಯಲ್ಲಿ ಯಾವ ಯಾವ ವಿಷಯ ಕೇಳುತ್ತೇವೆ ಎಂಬುದನ್ನು 2027ರ ಏಪ್ರಿಲ್ 1ರ ಒಳಗೆ, ಪ್ರಶ್ನೆಗಳ ಪದಗಳನ್ನು 2028ರ ಏಪ್ರಿಲ್ 1ರ ಒಳಗೆ ಸಂಸತ್ತಿಗೆ ಕೊಡಬೇಕು. 2024ರ ನಿಯಮ ಉಳಿದರೆ ಪ್ರಶ್ನೆ ಒಂದೇ ಇರುತ್ತದೆ, ಜೊತೆಗೆ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದವರಿಗೂ ಮೊದಲ ಬಾರಿ ಬೇರೆ ಬಾಕ್ಸ್ ಬರುತ್ತದೆ. ಆಗ ಬಿಳಿಯರ ಸಂಖ್ಯೆ ಕಾಗದದ ಮೇಲೆ ಇನ್ನೂ ಇಳಿಯುತ್ತದೆ, ‘ಬೇರೆ ಯಾವುದೋ ಜನಾಂಗ’ ಬಹುತೇಕ ಮಾಯವಾಗುತ್ತದೆ. ನಿಯಮ ರದ್ದಾದರೆ ಎರಡು ಪ್ರಶ್ನೆ ವಾಪಸ್ ಬರುತ್ತವೆ, ಆ 5 ಕೋಟಿ ಇನ್ನೂ ದೊಡ್ಡದಾಗುತ್ತದೆ. ಮಧ್ಯದಲ್ಲಿ ಇಲಾಖೆಗೊಂದು ಪದ್ಧತಿ ನಡೆದರೆ ಆರೋಗ್ಯ ಇಲಾಖೆಯ ಅಂಕಿಯನ್ನು ಗಣತಿಯ ಅಂಕಿಯ ಪಕ್ಕದಲ್ಲಿ ಇಟ್ಟು ನೋಡುವುದೇ ಕಷ್ಟವಾಗುತ್ತದೆ, ರೋಗದ ಪ್ರಮಾಣ, ಸಾವಿನ ಪ್ರಮಾಣ ಲೆಕ್ಕ ಹಾಕುವವರಿಗೆ ಅದು ದೊಡ್ಡ ತಲೆನೋವು. 2031ರಲ್ಲಿ ಅಂಕಿ ಹೊರಬಂದು ‘ಬಿಳಿಯರು ಕುಸಿದರು’ ಅಂತಲೋ ‘ಬಿಳಿಯರು ಮತ್ತೆ ಹೆಚ್ಚಿದರು’ ಅಂತಲೋ ಸುದ್ದಿ ಬಂದಾಗ, 2020ರ ಅಂಕಿಯ ಜೊತೆ ಹೋಲಿಸುವ ಮೊದಲು ಎರಡೂ ವರ್ಷದ ಫಾರಂಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.